ಅತ್ತಿ ಹೊಲಿದಿಟ್ಟ ಕೊಲೆಗಾರ

ನಮ್ಮ ಸೋದರತ್ತಿಗೆ ಒಂದಕ್ಷರ ಓದಾಕ ಬರತಿದ್ದಿಲ್ಲ. ಆದ್ರ ಮಾನ್ವಿಯೊಳಗ ಕುಂತಲ್ಲೇ ಆಕಿ ಹಿಡದಷ್ಟು ಕೊಲೆಗಾರರನ್ನ ಯಾವ ಪೊಲೀಸರೂ ಹಿಡದಿರಲಿಕ್ಕಿಲ್ಲ! ಗಾಬರಿ ಆಗಬ್ಯಾಡ್ರಿ, ಕೊಲಿ ಎಲ್ಲಾ ಪುಸ್ತಕದಾಗಿನವು.

ಎಪ್ಪತ್ತರ ದಶಕದ ಮಾತು. ನಾನು ಸಾಲಿಗಂತ ಅವರ ಮನ್ಯಾಗ ಇದ್ದೆ. ಮಾವ ಹತ್ತಿ ಅಂಗಡಿ ಗುಮಾಸ್ತರು. ಕೆಲಸಕ್ಕ ರಾಯಚೂರಿಗೆ ಹೋದಾಗೆಲ್ಲಾ ಸ್ಟೇಶನ್ ಎದುರಿನ ಹಳೇ ಪುಸ್ತಕದ ಬಂಡಿಯಿಂದ ಒಬ್ಬನೇ ಪತ್ತೇದಾರನ ಕಾದಂಬರಿ ಒಂದರ ಹಿಂದೊಂದು ತರೋರು. ಸಂಜಿಗೆ ಕಟ್ಟಿ ಮ್ಯಾಲೆ ಕುಂತು ಅವರು ಓದೋರು, ಅತ್ತಿ ಹಳೇ ಬಟ್ಟಿ ಜೋಡಿಸಿ ಕೌದಿ ಹೊಲಕೋತ ಕೇಳಾಕಿ. ಕೊನೀ ಅಧ್ಯಾಯ ಬಂತೋ ಇಲ್ಲೋ, ಪುಸ್ತಕ ಕಸಕೊಂಡು ಆ ಹಾಳಿಗಳನ್ನ ಕೆಂಪು ದಾರ ಹಾಕಿ ಹೊಲದೇ ಬಿಡಾಕಿ! ಮಾವ ಕದ್ದು ನೋಡ್ತಾರಂತ ಆಕಿ ಸಂಶಯ. ಇಬ್ಬರೂ ಕೊಲೆಗಾರ ಯಾರಂತ ಹೇಳಬೇಕು, ಮರುದಿನ ದಾರ ಬಿಚ್ಚಬೇಕು, ಸೋತವರು ಚಹಾ ಮಾಡಬೇಕು. ಇದು ಮನಿ ಕಾನೂನು.

ಮಾವ ಪ್ರತಿ ಸಲ ಡಾಕ್ಟರನ್ನೇ ಹಿಡಿಯೋರು. ವಿಷದ ಬಾಟ್ಲಿ ಮತ್ಯಾರ ಕೈಯಾಗಿರತದ ಅಂತ ಅವರ ವಾದ. ಕಥಿಯೊಳಗ ಗುಂಡು ಬಿದ್ದು ಸತ್ತಿದ್ರೂ ಡಾಕ್ಟರೇ! ಅತ್ತಿ ಲೆಕ್ಕ ಬ್ಯಾರೆ.

“ಸತ್ತ ಮನಿಗೆ ಬಂದು ಯಾವಾತ ಚಹಾ ಬ್ಯಾಡ ಅಂತಾನ, ಅವನೇ ಕೊಂದಾವ. ಗಂಟಲದಾಗ ಇಳೀಬೇಕಲ್ಲ!”

ಏನು ಹೇಳಲಿ, ಯಾವಾಗ್ಲೂ ಆಕಿನೇ ಗೆಲ್ಲಾಕಿ. ಹಿಂಗಾಗಿ ಮಾವ ಚಹಾ ಮಾಡೋದ್ರೊಳಗ ಉಸ್ತಾದ್ ಆಗಿಬಿಟ್ರು.

ಒಮ್ಮೆ ದೇವದುರ್ಗಕ್ಕ ಮದುವಿಗೆ ಹೋಗಿದ್ವಿ. ಬೆಳ್ಳಿ ಕುಂಕುಮದ ಬಟ್ಟಲು ಕಾಣವಲ್ದು. ಅತ್ತಿ ಸುಮ್ಮನ ಕುಂದರತಾಳೇನು? ವರನ ಸೋದರಮಾವ ಮುಂಜಾನಿಂದ ಚಹಾ ಮುಟ್ಟಿಲ್ಲ ಅನ್ನೋದನ್ನ ಆಕಿ ಆಗಲೇ ನೋಡಿಟ್ಟಿದ್ಲು. ಪಾಪ, ಆತನ ಚೀಲ ಬಿಚ್ಚಿಸಿದ್ಲು. ಸಿಕ್ಕಿದ್ದು ಸಕ್ಕರಿ ಕಾಯಿಲಿ ಗುಳಿಗಿ! ಬಟ್ಟಲು ಅತ್ತಿ ಚೀಲದಾಗೇ ಇತ್ತು, ಜ್ವಾಕಿ ಅಂತ ಆಕಿನೇ ಇಟ್ಟು ಮರತಿದ್ಲು. ನನ್ನಂಗ ಡಾಕ್ಟರನ್ನ ಹಿಡದಿದ್ರ ಮರ್ಯಾದಿ ಉಳೀತಿತ್ತು ನೋಡು ಅಂತ ಮಾವ ಮಾನ್ವಿ ಬರೋತನಕ ಬಸ್ಸಿನ್ಯಾಗ ನಕ್ಕಿದ್ದೇ ನಕ್ಕಿದ್ದು.

ಅಂಥಾ ಮಾವ, ಒಂದು ಪುಸ್ತಕ ಹೊಲಿಸಿಟ್ಟ ಮರುದಿನ ರಾಯಚೂರಿಗೆ ಹೋದವರು ಜೀವಂತ ತಿರುಗಿ ಬರಲಿಲ್ಲ. ಎದಿನೋವಂತ. ಬಂದವರಿಗೆಲ್ಲಾ, ನಾವು ಖಾಲಾ ಅಂತ ಕರಿಯೋ ಬಾಜು ಮನಿ ಹೆಣ್ಮಗಳು ಚಹಾ ಕಾಸಿ ತಂದಳು. ಎಲ್ಲಾರೂ ಕುಡದ್ರು. ಬ್ಯಾಡ ಅಂದಾಕಿ ಅತ್ತಿ ಒಬ್ಬಾಕಿನೇ. ಅವತ್ತಿನಿಂದ ಆಕಿ ಚಹಾನೂ ಬಿಟ್ಲು, ಕಥಿನೂ ಬಿಟ್ಲು.

ವರ್ಷಗಟ್ಟಲೆ ಆ ಸುದ್ದಿ ಯಾರೂ ಎತ್ತಲಿಲ್ಲ. ಎಂಬತ್ತರ ದಶಕದಾಗ ನಾನು ರಾಯಚೂರಿನ್ಯಾಗ ನೌಕರಿಗೆ ಸೇರಿದೆ. ಒಂದಿನ ನೋಡ್ತೀನಿ, ಅದೇ ಬಂಡಿಯೊಳಗ ಅದೇ ಪತ್ತೇದಾರ ಹೊಸ ರಟ್ಟು ಹಾಕ್ಕೊಂಡು ಕುಂತಾನ! ನನಗ ಅಳುನೇ ಬಂತು. ತಗೊಂಡವನೇ ಮಾನ್ವಿ ಬಸ್ ಹತ್ತಿದೆ.

ಬೈತಾಳೇನೋ ಅಂತ ಅಂಜಕೋತನ ಪುಸ್ತಕ ಕೈಯಾಗಿಟ್ಟೆ. ಅತ್ತಿ ರಟ್ಟು ಸವರಿದ್ಲು.

“ಇದು ಆಮ್ಯಾಲೆ,” ಅಂದ್ಲು. “ಮೊದಲು ಬಾಕಿ ಉಳಿದದ್ದು ಮುಗಸೂಣು.”

ಕೌದಿ ಗಂಟಿನೊಳಗಿಂದ ಆ ಹಳೇ ಪುಸ್ತಕ ತಗದ್ಲು. ಕೆಂಪು ದಾರ ಹಂಗೇ ಇತ್ತು! ಅವತ್ತು ಆಕಿ ಹಿಡದಿದ್ದು ಅಡಗಿಯವನನ್ನ; ತಾನೇ ಕಾಸಿದ ಚಹಾ ತಾನು ಕುಡಿದಿಲ್ಲ, ಅದಕ್ಕ. ಮಾವ ಹಿಡದಿದ್ದು ಯಾರನ್ನ ಅಂತ ಬ್ಯಾರೆ ಹೇಳಬೇಕೇನ್ರಿ? ದಾರ ಅತ್ತಿನೇ ಬಿಚ್ಚಿದ್ಲು. ಮಾವ ಕುಂದರೋ ಜಾಗ ಬಿಟ್ಟು ಸರಿದು ಕುಂತು ನಾನು ಓದಿದೆ. ಕೊನೀ ಹಾಳಿಗೆ ಬಂದೆ. ಕೊಂದಾವ ಡಾಕ್ಟರ್!

ಅತ್ತಿ ನಕ್ಲು. ನಕ್ಕೋತನ ಸೆರಗಿಲೆ ಕಣ್ಣು ಒರಸಿಕೊಂಡ್ಲು. ಎದ್ದು ಒಳಗ ಹೋಗಿ ಒಲಿ ಹಚ್ಚಿದ್ಲು, ಚಹಾ ಕುದಿಯೋ ವಾಸನಿ ಕಟ್ಟಿತನಕ ಬಂತು. ನನಗೊಂದು ಕಪ್ಪು ಕೊಟ್ಟು, ತಾನೊಂದು ಹಿಡಕೊಂಡು, ಮತ್ತೊಂದನ್ನ ಮಾವ ಕುಂದರೋ ಜಾಗದಾಗ ಇಟ್ಲು.

“ಗೆದ್ದೀರಿ,” ಅಂದ್ಲು ಮೆಲ್ಲಗ. “ಕುಡೀರಿ.”