ಮಲಗಿ ಗೆದ್ದ ಕರಿಕೋಟೆ

ಯಾವ ಶತ್ರುವಿಗೂ ಬಗ್ಗದ ದೊರೆ ಚಪ್ಪಲಿ ಎತ್ತಿಕೊಳ್ಳಲು ಬಗ್ಗಿ ಬಿದ್ದರೆ ಸೈನ್ಯದ ಗತಿ ಏನು? ಕನ್ನಡಕದಂಗಡಿಯ ಯಜಮಾನರಿಗೆ ಆದದ್ದು ಇದೇ. ಶುಕ್ರವಾರ ಬೆಳಿಗ್ಗೆ ಬಗ್ಗಿದವರು ಮತ್ತೆ ಏಳಲಿಲ್ಲ. (ಗಾಬರಿ ಬೇಡ, ನೆಟ್ಟಗಾಗಲಿಲ್ಲ ಎಂದಷ್ಟೇ ಅರ್ಥ.) ಡಾಕ್ಟರು ಬಂದು, ಐದು ದಿನ ಅಂಗಾತ ಮಲಗಿರಬೇಕು, ಕೂರುವ ಮಾತೇ ಇಲ್ಲ ಎಂದರು.

ಯಜಮಾನರ ಎದೆ ಒಡೆಯಿತು. ಏಕೆಂದರೆ ಭಾನುವಾರ ಯುದ್ಧವಿತ್ತು.

ಇಪ್ಪತ್ತೆರಡು ವರ್ಷಗಳಿಂದ ಅವರು ಕಂಪ್ಯೂಟರಿನಲ್ಲಿ ಆಡುತ್ತಿರುವುದು ಒಂದೇ ಆಟ. ಕೋಟೆ ಕಟ್ಟುವುದು, ದಂಡು ಕೂಡಿಸುವುದು, ಪಕ್ಕದ ರಾಜನ ಮೇಲೆ ಬೀಳುವುದು. ಆಮೇಲೆ ಎಷ್ಟೋ ಹೊಸ ಆಟಗಳು ಬಂದವು, ಕುದುರೆಯ ಮೂಗಿನ ಕೂದಲೂ ಎಣಿಸಬಹುದಾದಂಥವು. ಯಜಮಾನರು ತಿರುಗಿಯೂ ನೋಡಲಿಲ್ಲ. ಅವರ ಆಟದಲ್ಲಿ ಕುದುರೆಗೂ ಕತ್ತೆಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಆದರೂ ಪ್ರೀತಿ ಎಂದರೆ ಪ್ರೀತಿ.

ಇಂಥ ನಿಷ್ಠಾವಂತರು ಊರಿನಲ್ಲಿ ಒಟ್ಟು ನಾಲ್ವರು. ವರ್ಷಕ್ಕೊಮ್ಮೆ ಅವರವರ ಮನೆಯಲ್ಲೇ ಕೂತು ‘ಕರಿಕೋಟೆ’ ಎಂಬ ಮಹಾ ಕಠಿಣ ಸುತ್ತನ್ನು ಆಡುತ್ತಾರೆ. ಭಾನುವಾರ ಸಂಜೆ ಆರರೊಳಗೆ ಗೆದ್ದವನು ಆ ವರ್ಷದ ಚಕ್ರವರ್ತಿ. ಉಳಿದ ಮೂವರೂ ಸರದಿಯ ಮೇಲೆ ಚಕ್ರವರ್ತಿಗಳಾಗಿದ್ದಾರೆ. ನಮ್ಮವರು ಮಾತ್ರ ಇಪ್ಪತ್ತೆರಡು ವರ್ಷವೂ ಸಾಮಂತರು.

"ಕಣ್ಣಲ್ಲಿ ನೀರ್ ಯಾಕ್ರೀ? ಅಷ್ಟು ನೋವಾ?" ಎಂದಳು ಹೆಂಡತಿ. ಇನ್ನೂರು ಮಕ್ಕಳ ಹಾಸ್ಟೆಲಿನ ಅಡುಗೆಮನೆಗೆ ಆಕೆಯೇ ಉಸ್ತುವಾರಿ.

"ಕರಿಕೋಟೆ ಕಣೇ. ಈ ಸಲ ಉತ್ತರದ ಬಾಗಿಲಿಗೆ ನೂರು ಕುದುರೆ ನುಗ್ಗಿಸ್ಬೇಕು ಅಂತಿದ್ದೆ."

"ಅಯ್ಯೋ, ಅದಕ್ಕಾ? ನೀವು ಹೇಳ್ತಾ ಹೋಗಿ, ನಾನು ಒತ್ತುತೀನಿ. ಬೆನ್ನಲ್ಲ, ಗುಂಡಿ."

ಹೀಗೆ ಭಾನುವಾರ ಮಧ್ಯಾಹ್ನ ರಣಕಹಳೆ ಮೊಳಗಿತು. ಕಂಪ್ಯೂಟರ್ ಇದ್ದದ್ದು ಮಂಚದ ತಲೆದೆಸೆಯಲ್ಲಿ. ಮಹಾರಾಜರಿಗೆ ಕಾಣುತ್ತಿದ್ದುದು ತಿರುಗುವ ಫ್ಯಾನು ಒಂದೇ. ಅದನ್ನೇ ರಣರಂಗ ಎಂದುಕೊಂಡು ಅಪ್ಪಣೆ ಹೊರಡಿಸಿದರು.

"ಕುದುರೆ ಲಾಯ ಕಟ್ಟು!"

"ಆಯ್ತು." (ಕಟ್ಟಿದ್ದು ಕಣಜ.)

"ಹೊಲದಲ್ಲಿರೋರಿಗೆಲ್ಲ ಕತ್ತಿ ಕೊಡು!"

"ಎಲ್ಲಾರೂ ಕತ್ತಿ ಹಿಡಿದ್ರೆ ಊಟಕ್ಕೇನ್ರೀ ಮಾಡೋದು?"

"ಇದು ಯುದ್ಧ ಕಣೇ, ನಿನ್ನ ಹಾಸ್ಟೆಲ್ ಅಲ್ಲ!"

"ಆಯ್ತಪ್ಪಾ, ಕೊಟ್ಟೆ." (ಕೊಟ್ಟದ್ದು ಎರಡು ಹೊತ್ತಿನ ಊಟ.)

ಅಷ್ಟರಲ್ಲಿ ಕರಿಕೋಟೆಯ ರಾಜ ಇದ್ದಬದ್ದ ದಂಡನ್ನೆಲ್ಲ ತಂದು ಮುತ್ತಿಗೆ ಹಾಕಿದ. ಆಕೆ ಬಾಗಿಲು ಹಾಕಿಸಿ ಸುಮ್ಮನೆ ಕೂತಳು. ಒಳಗಿನವರು ಉಂಡರು, ಮಲಗಿದರು, ಎದ್ದು ಮತ್ತೆ ಉಂಡರು. ಹೊರಗಿನವರ ಬುತ್ತಿ ಖಾಲಿಯಾಗಿ, ಒಬ್ಬೊಬ್ಬರೇ ದಂಡು ಬಿಟ್ಟು ಓಡಿದರು. ಕಾವಲಿಲ್ಲದ ಕರಿಕೋಟೆಗೆ ಆಕೆಯ ಎಂಟು ಜನ ಆಳುಗಳು ಊಟವಾದ ಮೇಲೆ ಅಡ್ಡಾಡಲು ಹೋದವರಂತೆ ಹೋಗಿ ಬಾವುಟ ನೆಟ್ಟರು. ಆರಕ್ಕೆ ಹತ್ತು ನಿಮಿಷವಿತ್ತು.

ಜಯಭೇರಿ ಕೇಳಿದ್ದೇ ಮಹಾರಾಜರು ಆ ನಾಲ್ವರಲ್ಲಿ ಒಬ್ಬನಾದ ಹಲ್ಲಿನ ಡಾಕ್ಟರ್ ಗೆಳೆಯನಿಗೆ ಫೋನ್ ಹಚ್ಚಿದರು. "ಗೆದ್ದೆ ಕಣೋ! ಉತ್ತರದ ಬಾಗಿಲು! ನೂರು ಕುದುರೆ! ಧೂಳು ಅಂದ್ರೆ ಧೂಳು..."

ಗೆದ್ದವರು ಆಟದ ಲೆಕ್ಕ ತೋರಿಸುವ ಕೊನೆಯ ಪುಟದ ಫೋಟೋವನ್ನು ಉಳಿದವರಿಗೆ ಕಳಿಸಬೇಕೆಂಬುದು ನಿಯಮ. ಹೆಂಡತಿ ಆಗಲೇ ಕಳಿಸಿಬಿಟ್ಟಿದ್ದಳು.

"ಸ್ವಲ್ಪ ತಡಿಯಪ್ಪಾ," ಎಂದ ಗೆಳೆಯ. "ಇಲ್ಲಿ ಕುದುರೆ ಸೊನ್ನೆ ಅಂತಿದೆ. ಕಣಜ ಹದಿನಾಲ್ಕು. ನಿನ್ನ ಕಡೆ ಸತ್ತೋರು... ಒಬ್ರೂ ಇಲ್ವಲ್ಲೋ! ನಿಜ ಹೇಳು, ಆಡಿದ್ದು ಯಾರು?"

ಯಜಮಾನರು ಫ್ಯಾನನ್ನೇ ದಿಟ್ಟಿಸಿದರು. ಒಬ್ಬನೂ ಸತ್ತಿಲ್ಲ. ಇಪ್ಪತ್ತೆರಡು ವರ್ಷ ಆ ಬಡಪಾಯಿಗಳನ್ನು ಹಿಂಡುಹಿಂಡಾಗಿ ಕಂದಕಕ್ಕೆ ನೂಕಿದ್ದರು. ಆ ಆಳುಗಳು ಒಮ್ಮೆಯೂ ಮುನಿಯದೆ, ಪ್ರತಿ ವರ್ಷ ಹೊಸದಾಗಿ ಬಂದು ಕೈಕಟ್ಟಿ ನಿಂತಿದ್ದರು. ಆ ಹಳೆಯ ಆಟದ ಮೇಲೆ, ಅದನ್ನು ಇಷ್ಟು ದಿನ ಮನೆಯಲ್ಲಿ ಸಹಿಸಿಕೊಂಡವಳ ಮೇಲೆ ಯಜಮಾನರಿಗೆ ಒಟ್ಟಿಗೇ ಪ್ರೀತಿ ಉಕ್ಕಿತು.

"ನನ್ನ ಹೆಂಡ್ತಿ ಕಣೋ," ಎಂದರು. "ಪಟ್ಟ ಅವಳಿಗೇ ಕಟ್ಟಿ."

ಫೋನ್ ಇಟ್ಟಮೇಲೆ ಆಕೆ ಮೆಲ್ಲಗೆ ಕೇಳಿದಳು, "ಬೇಜಾರಾಯ್ತಾ?"

"ಇಲ್ಲ ಕಣೇ. ನಮ್ಮೋರೆಲ್ಲ ಊಟ ಮಾಡಿದ್ರಾ?"

"ಎರಡೆರಡು ಸಲ."

ಬುಧವಾರ ಬೆನ್ನು ನೆಟ್ಟಗಾಯಿತು. ಯಜಮಾನರು ಉತ್ಸಾಹದಿಂದ ಎದ್ದು ಕಂಪ್ಯೂಟರಿನ ಬಳಿ ಬಂದರು. ಕುರ್ಚಿ ಖಾಲಿಯಿರಲಿಲ್ಲ.

"ಯಾಕ್ರೀ ಎದ್ರಿ?" ಎಂದಳು ಚಕ್ರವರ್ತಿನಿ, ಪರದೆಯಿಂದ ಕಣ್ಣು ಕೀಳದೆ. "ಇನ್ನೂ ಒಂದು ವಾರ ಮಲಗಿರ್ಬೇಕಂತೆ. ಡಾಕ್ಟ್ರು ಹೇಳಿದ್ದಾರೆ."

"ಯಾವಾಗ ಹೇಳಿದ್ರು?"

"ಹೇಳಿಸ್ತೀನಿ ತಾಳಿ. ಇದೊಂದು ಕೋಟೆ ಮುಗೀಲಿ."