ಹೀರೇಕಾಯಿ ಸಿಪ್ಪೆಯ ಚಟ್ನಿ ಮತ್ತು ಮೂರು ಪ್ಲಸ್

ಮಕ್ಕಳ ಆಸ್ಪತ್ರೆಯಲ್ಲಿ ಅಪ್ಪನಷ್ಟು ನಿರುಪಯೋಗಿ ಪ್ರಾಣಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಅಮ್ಮಂದಿರು ಮಗುವಿನ ತಲೆದೆಸೆಯಲ್ಲಿ ಕೂತಿರುತ್ತಾರೆ. ಅಜ್ಜಿಯರು ದೃಷ್ಟಿ ತೆಗೆಯುತ್ತಾರೆ, ಹರಕೆ ಹೊರುತ್ತಾರೆ, ಪಕ್ಕದ ಮಂಚದ ಮಗುವಿನ ಕಾಯಿಲೆಯನ್ನೂ ವಿಚಾರಿಸಿಕೊಳ್ಳುತ್ತಾರೆ. ಅಪ್ಪ ಮಾತ್ರ ಒಂದು ಎಕ್ಸ್‌ರೇ ಲಕೋಟೆಯನ್ನು ಕಂಕುಳಲ್ಲಿಟ್ಟುಕೊಂಡು ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಾನೆ. ಯಾರೂ ಕೇಳದಿದ್ದರೂ ಕಾಫಿ ತರುತ್ತಾನೆ. ನರ್ಸಮ್ಮ 'ಸ್ವಲ್ಪ ಪಕ್ಕಕ್ಕೆ ನಿಲ್ಲಿ' ಎಂದರೆ ಯಾವ ಪಕ್ಕಕ್ಕೆ ಎಂದು ತಿಳಿಯದೆ ಇನ್ನೊಬ್ಬ ಅಪ್ಪನ ಕಾಲು ತುಳಿಯುತ್ತಾನೆ. ಇಂಥ ಅಪ್ಪನಿಗೂ ಒಂದು ಕೆಲಸ ಕೊಟ್ಟು, 'ನೀವೂ ಚಿಕಿತ್ಸೆಯಲ್ಲಿ ಪಾಲುದಾರರು' ಎಂದು ಗೌರವಿಸಿದ ಆಸ್ಪತ್ರೆಯೊಂದು ವಿಶಾಖಪಟ್ಟಣದಲ್ಲಿತ್ತು. ಆ ಗೌರವವನ್ನು ನಾನು ಹೇಗೆ ಉಳಿಸಿಕೊಂಡೆ ಎನ್ನುವುದೇ ಈಗ ನಾನು ಒಪ್ಪಿಕೊಳ್ಳಬೇಕಾಗಿರುವ ವಿಷಯ.

ತುಮಕೂರಿನವನಾದ ನನ್ನನ್ನು ಬ್ಯಾಂಕಿನವರು ವಿಶಾಖಪಟ್ಟಣಕ್ಕೆ ವರ್ಗ ಮಾಡಿದಾಗ ನಮ್ಮ ಪುಟ್ಟಿಗೆ ಐದು ವರ್ಷ. ಏಳಕ್ಕೆ ಬರುವ ಹೊತ್ತಿಗೆ ಅವಳು ಆಟ, ಪಾಠ, ಜಗಳ ಎಲ್ಲವನ್ನೂ ತೆಲುಗಿನಲ್ಲೇ ಮಾಡುತ್ತಿದ್ದಳು. ಕನ್ನಡ ಮನೆಯೊಳಗೆ ಊಟ ಬಡಿಸುವಾಗ ಉಪಯೋಗವಾಗುತ್ತಿತ್ತು, ಅದರಲ್ಲೂ ಅರ್ಧ ತೆಲುಗು. ಒಂದು ಬೆಳಿಗ್ಗೆ ಅವಳ ಎರಡೂ ಕಣ್ಣು ಊದಿಕೊಂಡಿದ್ದವು. 'ಸೊಳ್ಳೆ ಕಚ್ಚಿದೆ' ಎಂದೆ ನಾನು. 'ಎರಡು ಕಣ್ಣಿಗೂ ಅಳತೆ ಹಿಡಿದು ಕಚ್ಚತ್ತೇನ್ರೀ ಸೊಳ್ಳೆ?' ಎಂದಳು ನನ್ನ ಹೆಂಡತಿ ಸುಮಿತ್ರ. ಅವಳೇ ಸರಿ. ಮೂತ್ರಪಿಂಡದಲ್ಲಿ ಸೋಸುವ ಜಾಗ ಸಡಿಲವಾಗಿ, ಮೈಯಲ್ಲಿರಬೇಕಾದ ಪ್ರೋಟೀನು ಮೂತ್ರದಲ್ಲಿ ಹೋಗಿಬಿಡುವ ಕಾಯಿಲೆ. ಮಾತ್ರೆಗೆ ಬಗ್ಗುತ್ತದೆ, ಆದರೆ ಹೇಳದೆ ಕೇಳದೆ ಮತ್ತೆ ಬರುತ್ತದೆ, ದೊಡ್ಡವರಾಗುತ್ತಾ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ ಎಂದು ಡಾಕ್ಟರಮ್ಮ ವಿವರಿಸಿದರು. ಸಣ್ಣ ಆಳು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದವರು. ಕೊನೆಯಲ್ಲಿ, 'ಚೂಡಂಡಿ ಸರ್, ನಾನು ಈ ಮಗುವನ್ನು ತಿಂಗಳಿಗೊಮ್ಮೆ ನೋಡ್ತೀನಿ, ನೀವು ದಿನಾ ನೋಡ್ತೀರಿ. ಹಾಗಿದ್ದಮೇಲೆ ಇವಳ ದೊಡ್ಡ ಡಾಕ್ಟರು ಯಾರು?' ಎಂದು ಕೇಳಿದರು. ಸುಮಿತ್ರ ನನ್ನ ಕಡೆ ನೋಡಿದಳು. ಅವಳು ನೋಡಿದ್ದು ಕೈಚೀಲ ಕೊಡಿ ಎಂಬರ್ಥದಲ್ಲಂತೆ, ನಾನು ಮಾತ್ರ ಆ ಪದವಿಗೆ ನನ್ನ ಆಯ್ಕೆಯಾಯಿತೆಂದು ತಿಳಿದುಕೊಂಡೆ.

ದೊಡ್ಡ ಡಾಕ್ಟರಿನ ಕೆಲಸವೇನೆಂದರೆ ದಿನಾ ಬೆಳಿಗ್ಗೆ ಮಗುವಿನ ಮೂತ್ರವನ್ನು ಗಾಜಿನ ಟ್ಯೂಬಿನಲ್ಲಿ ಹಿಡಿದು, ಡಾಕ್ಟರಮ್ಮ ಕೊಟ್ಟ ಸೀಸೆಯಿಂದ ಕೆಲವು ಹನಿ ಔಷಧ ಬಿಡುವುದು. ಪ್ರೋಟೀನು ಇಲ್ಲದಿದ್ದರೆ ನೀರಿನಂತೆ ತಿಳಿಯಾಗಿಯೇ ಇರುತ್ತದೆ, ಅದಕ್ಕೆ 'ನಿಲ್' ಎಂದು ಬರೆಯಬೇಕು. ಇದ್ದರೆ ಮಬ್ಬಾಗುತ್ತದೆ. ಎಷ್ಟು ಮಬ್ಬು ಎಂದು ತಿಳಿಯಲು ಟ್ಯೂಬಿನ ಹಿಂದೆ ಅಚ್ಚಾದ ಕಾಗದವೊಂದನ್ನು ಹಿಡಿಯಬೇಕು. ಮಬ್ಬಿನ ಮೂಲಕವೂ ಅಕ್ಷರ ಓದಲು ಬಂದರೆ ಒಂದು ಪ್ಲಸ್. ಅಕ್ಷರವಿದೆ ಎಂದು ಕಂಡರೂ ಓದಲಾಗದಿದ್ದರೆ ಎರಡು. ಮೊಸರಿನಂತಾಗಿ ಏನೂ ಕಾಣದಿದ್ದರೆ ಮೂರು. ದಿನಾ ಒಂದು ನೋಟುಬುಕ್ಕಿನಲ್ಲಿ ಬರೆಯಬೇಕು. ಮೂರು ದಿನ ಒಂದೇ ಸಮನೆ ಮೂರು ಪ್ಲಸ್ ಬಂದರೆ ಕಾಯಿಲೆ ಮರಳಿದೆ ಎಂದರ್ಥ, ಅವತ್ತೇ ಓಡಿಬರಬೇಕು.

ಅಚ್ಚಾದ ಕಾಗದ ಎಂದರೆ ಯಾವುದು? ಇಲ್ಲಿ ನನ್ನ ಕನ್ನಡಾಭಿಮಾನ ಎದ್ದು ನಿಂತಿತು. ನಮಗೆ ಊರಿನಿಂದ ಒಂದು ಕನ್ನಡ ವಾರಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು. ಹೊರನಾಡಿನಲ್ಲಿದ್ದವರಿಗೆ ಮಾತ್ರ ಗೊತ್ತು ಆ ಪತ್ರಿಕೆಯ ರುಚಿ. ತುಮಕೂರಿನಲ್ಲಿದ್ದಾಗ ಅದನ್ನು ಬೀಸಣಿಗೆಯಾಗಿ ಬಳಸುತ್ತಿದ್ದವನು ಇಲ್ಲಿ ವರಾನ್ವೇಷಣೆಯ ಜಾಹೀರಾತನ್ನೂ ಬಿಡದೆ ಓದುತ್ತಿದ್ದೆ. ಅದರಲ್ಲೊಂದು ಹಾಳೆ ಕತ್ತರಿಸಿ ರಟ್ಟಿಗೆ ಅಂಟಿಸಿ, ಬಚ್ಚಲುಮನೆಯ ಪಕ್ಕದ ಕಿಟಕಿಯಲ್ಲಿಟ್ಟೆ. ಅದು ಹೀರೇಕಾಯಿ ಸಿಪ್ಪೆಯ ಚಟ್ನಿ ಮಾಡುವ ವಿಧಾನ. ಅಕ್ಷರ ದಪ್ಪವಾಗಿತ್ತು, ಅದಕ್ಕೇ ಆರಿಸಿದ್ದು. ದಿನಾ ಬೆಳಿಗ್ಗೆ ಟ್ಯೂಬನ್ನು ಬೆಳಕಿಗೆ ಹಿಡಿದು, 'ಹೀರೇಕಾಯಿ ಸಿಪ್ಪೆಯನ್ನು ಎಣ್ಣೆಯಲ್ಲಿ ಹದವಾಗಿ ಹುರಿದು' ಎಂದು ನಾನು ಗಟ್ಟಿಯಾಗಿ ಓದುವುದು, ಒಳಗಿನಿಂದ ಸುಮಿತ್ರ 'ಚಟ್ನಿ ಆಯ್ತೇನ್ರೀ? ಆಗಿದ್ರೆ ಸ್ನಾನಕ್ಕೆ ಹೋಗಿ' ಎನ್ನುವುದು ನಮ್ಮ ಮನೆಯ ಸುಪ್ರಭಾತವಾಯಿತು.

ನೋಟುಬುಕ್ಕಿನ ವಿಷಯದಲ್ಲಂತೂ ನಾನು ಯಾರಿಗೂ ಸೋಲುವವನಲ್ಲ. ಕೆಂಪು ಶಾಯಿಯಲ್ಲಿ ಗೆರೆ, ನೀಲಿಯಲ್ಲಿ ತಾರೀಕು, ಪ್ರತಿ ಪುಟದ ಕೆಳಗೆ ನನ್ನ ಸಹಿ. ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ಬರುವ ಮುಂಚೆ ಶಾಖೆಯನ್ನು ಮದುವಣಗಿತ್ತಿಯಂತೆ ಸಿಂಗರಿಸಿ ಅಭ್ಯಾಸವಾದ ಕೈ. ಮೊದಲ ತಿಂಗಳು ಡಾಕ್ಟರಮ್ಮ ಅದನ್ನು ತಿರುವಿ ನೋಡಿ, 'ಅಬ್ಬ! ನಮ್ಮ ಆಸ್ಪತ್ರೆಯ ದಾಖಲೆಯೇ ಇಷ್ಟು ಅಂದವಾಗಿಲ್ಲ' ಎಂದುಬಿಟ್ಟರು. ಆ ಪುಟಗಳಲ್ಲಿದ್ದದ್ದೆಲ್ಲ ನಿಲ್, ನಿಲ್, ನಿಲ್. ಮಾತ್ರೆಯನ್ನೂ ಕಡಿಮೆ ಮಾಡಿದರು. ಪುಟ್ಟಿ ತನ್ನಷ್ಟಕ್ಕೆ ತಾನು ಗುಣವಾಗುತ್ತಿದ್ದಳು. ಅದನ್ನು ನಾನೇ ಗುಣಪಡಿಸುತ್ತಿದ್ದೇನೆಂದು ಬ್ಯಾಂಕಿನಲ್ಲೆಲ್ಲ ಹೇಳಿಕೊಂಡು ಬಂದೆ.

ಆಮೇಲೊಂದು ವಾರ ಟ್ಯೂಬು ಮಬ್ಬಾಗತೊಡಗಿತು. ನಾನು ಕಣ್ಣು ಕಿರಿದು ಮಾಡಿ ನೋಡಿದೆ, ಹೀರೇಕಾಯಿ ಕಾಣಿಸಿತು. ಒಂದು ಪ್ಲಸ್ ಎಂದು ಬರೆದೆ. ಮರುದಿನ ಇನ್ನಷ್ಟು ಮಬ್ಬು, ಆದರೂ 'ಹದವಾಗಿ ಹುರಿದು' ಕಾಣಿಸಿತು, ಒಂದು ಪ್ಲಸ್. ಹೀಗೆ ಎಂಟು ದಿನ. 'ಇದೇನಪ್ಪಾ ಮಜ್ಜಿಗೆ ಥರ ಇದೆ' ಎಂದಳು ಪುಟ್ಟಿ ಒಂದು ದಿನ. 'ರಾತ್ರಿ ನೀನು ಮಜ್ಜಿಗೆ ಕುಡಿದಿದ್ದೀಯಲ್ಲ' ಎಂದೆ. ಇಂಥ ಉತ್ತರ ಕೊಟ್ಟವನು ಡಿಗ್ರಿ ಪಾಸಾದವನು ಎಂದು ಹೇಳಿದರೆ ನೀವು ನಂಬಲಾರಿರಿ. ಸುಮಿತ್ರ, 'ಕಣ್ಣು ಯಾಕೋ ದಪ್ಪ ಕಾಣ್ತಿದೆ ಕಣ್ರೀ, ಒಂದ್ಸಲ ತೋರ್ಸೋಣ' ಎಂದಾಗ ನೋಟುಬುಕ್ಕು ತೆಗೆದು ಅವಳ ಮುಂದೆ ಹಿಡಿದೆ. 'ದಾಖಲೆ ನೋಡು, ಸುಮ್ಮನೆ ಹೆದರಬೇಡ' ಎಂದೆ. ಇಷ್ಟು ಅಂದವಾದ ದಾಖಲೆಗೆ ಕಾಯಿಲೆ ತಾನಾಗಿ ಮರ್ಯಾದೆ ಕೊಡುತ್ತದೆ ಎಂದು ನಾನು ಎಣಿಸಿದ್ದಂತಿತ್ತು.

ಆ ಭಾನುವಾರ ಹರಕೆ ತೀರಿಸಲು ಊರ ಪಕ್ಕದ ಸಿಂಹಾಚಲದ ಬೆಟ್ಟಕ್ಕೆ ಹೋದೆವು. ಮಗಳು ಗುಣವಾದಳೆಂದು ದೇವರಿಗೆ ವರದಿ ಒಪ್ಪಿಸುವ ಅವಸರ ನನ್ನದೇ. ದರ್ಶನವಾಯಿತು, ಪುಳಿಯೋಗರೆ ಪ್ರಸಾದವಾಯಿತು. ಹೊರಗೆ ಬಂದು ಪುಟ್ಟಿಗೆ ಚಪ್ಪಲಿ ಹಾಕಲು ಬಗ್ಗಿದ ಸುಮಿತ್ರ ಹಾಗೇ ಕೂತುಬಿಟ್ಟಳು. ಚಪ್ಪಲಿಯ ಪಟ್ಟಿ ಬಕಲಿಗೆ ಮುಟ್ಟುತ್ತಿರಲಿಲ್ಲ. ಪಾದ ಅಷ್ಟು ಊದಿತ್ತು. ಹೆಬ್ಬೆರಳಿನಿಂದ ಒತ್ತಿದಳು, ಗುಳಿ ಬಿದ್ದದ್ದು ಹಾಗೇ ನಿಂತಿತು. ಅವಳು ತಲೆಯೆತ್ತಿ ನನ್ನನ್ನು ನೋಡಿ, ಆ ಚಪ್ಪಲಿಗಳನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೆಟ್ಟ ಇಳಿಯುವಾಗ ಬಸ್ಸಿನಲ್ಲಿ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಎಂಟು ದಿನದಲ್ಲಿ ಅವಳು ಎಷ್ಟು ಭಾರವಾಗಿದ್ದಾಳೆಂದು ಆಗ ನನಗೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಆಸ್ಪತ್ರೆ ಬಾಗಿಲು ತೆರೆಯುವಾಗಲೇ ನಾವಿದ್ದೆವು. ಡಾಕ್ಟರಮ್ಮ ಅಲ್ಲೇ ಟ್ಯೂಬಿನಲ್ಲಿ ಪರೀಕ್ಷೆ ಮಾಡಿದರು. ಗಟ್ಟಿ ಮೊಸರು. ನೋಟುಬುಕ್ಕು ನೋಡಿದರು, ಒಂದು ಪ್ಲಸ್ ಎಂಟು ಸಲ. 'ಇದನ್ನು ಓದಿದವರು ಯಾರು?' ಎಂದರು. 'ನಾನೇ ಮೇಡಂ' ಎಂದೆ. 'ಹೇಗೆ ಓದ್ತೀರಿ, ಒಂದ್ಸಲ ತೋರಿಸಿ' ಎಂದರು. ದಾಖಲೆಯ ಮನುಷ್ಯ, ಫೈಲಿನಲ್ಲಿ ಆ ರಟ್ಟನ್ನೂ ತಂದಿದ್ದೆ. ಅದನ್ನು ಅವರ ಕೈಗೆ ಕೊಟ್ಟೆ. ಅವರು ಹಿಂದೆ ಹಿಡಿದುಕೊಂಡರು, ನಾನು ಮುಂದೆ ಟ್ಯೂಬು ಹಿಡಿದು, ಕಣ್ಣು ಕಿರಿದು ಮಾಡಿ ಶುರು ಮಾಡಿದೆ. 'ಹೀರೇಕಾಯಿ ಸಿಪ್ಪೆಯನ್ನು ಎಣ್ಣೆಯಲ್ಲಿ ಹದವಾಗಿ ಹುರಿದು, ನಾಲ್ಕು ಒಣಮೆಣಸಿನಕಾಯಿ, ಒಂದು ಚೂರು ಹುಣಸೆಹಣ್ಣು, ರುಚಿಗೆ ಬೆಲ್ಲ ಸೇರಿಸಿ ರುಬ್ಬಿ, ಇಂಗಿನ ಒಗ್ಗರಣೆ ಕೊಟ್ಟರೆ...' ನರ್ಸಮ್ಮ ಯಾಕೋ ಬಾಯಿಗೆ ಸೆರಗು ಅಡ್ಡ ಹಿಡಿದರು. ಟ್ಯೂಬು ಕೆಳಗಿಳಿಸಿ ನೋಡುತ್ತೇನೆ, ರಟ್ಟು ಅಲ್ಲಿಲ್ಲ. ಒಣಮೆಣಸಿನಕಾಯಿಯ ಹೊತ್ತಿಗೇ ಡಾಕ್ಟರಮ್ಮ ಅದನ್ನು ತೆಗೆದು ಮೇಜಿನ ಮೇಲೆ ಬೋರಲು ಹಾಕಿದ್ದರು.

'ಮೇಡಂ, ನಮ್ಮಪ್ಪ ಓದಲ್ಲ, ಕಂಠಪಾಠ ಹೇಳ್ತಾರೆ' ಎಂದು ಪುಟ್ಟಿ ತೆಲುಗಿನಲ್ಲಿ ಸ್ಪಷ್ಟವಾಗಿ ವಿವರಿಸಿದಳು. 'ದಿನಾ ಅದೇ ಹೇಳ್ತಾರೆ. ನನಗೂ ಬಾಯಿಪಾಠ ಬಂದಿದೆ, ಹೇಳ್ಲಾ?'

ಡಾಕ್ಟರಮ್ಮ ನನ್ನನ್ನು ಗದರಲಿಲ್ಲ. 'ಸರ್, ಕಾಯಿಲೆ ಬಂದದ್ದು ನಿಮ್ಮಿಂದಲ್ಲ, ಅದು ಬರುವುದೇ ಹಾಗೆ. ಆದರೆ ಎಂಟು ದಿನ ತಡವಾಯಿತು, ಅದು ಮಾತ್ರ ನಿಮ್ಮದು' ಎಂದರು. ನಿಜ ಹೇಳುತ್ತೇನೆ, ಆ ಎಂಟು ಬೆಳಿಗ್ಗೆಯೂ ಟ್ಯೂಬು ಎತ್ತುವ ಮುಂಚೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಮೊಸರು ಕಂಡರೆ ಏನು ಗತಿ ಎಂಬ ಹೆದರಿಕೆ. ಹೀರೇಕಾಯಿಯನ್ನು ಓದಿದ್ದು ನನ್ನ ಕಣ್ಣಲ್ಲ, ಆ ಹೆದರಿಕೆ. ಅದನ್ನು ಸುಮಿತ್ರಳಿಗೆ ಹೇಳಿದ್ದರೂ ಆಗುತ್ತಿತ್ತು. ಗಂಡಸು, ಮೇಲಾಗಿ ಅಧಿಕಾರಿ, ಹೇಗೆ ಹೇಳುವುದು?

ಪುಟ್ಟಿಯನ್ನು ವಾರ್ಡಿಗೆ ಸೇರಿಸಿಕೊಂಡರು. ನನ್ನನ್ನು ಕೆಲಸದಿಂದ ವಜಾ ಮಾಡುತ್ತಾರೆಂದುಕೊಂಡಿದ್ದೆ. ಡಾಕ್ಟರಮ್ಮ ಹಾಗೆ ಮಾಡದೆ ಕೆಲಸವನ್ನೇ ಹೊಸದಾಗಿ ಹಂಚಿದರು. ಅಮ್ಮ ದಿನಾ ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ನೋಡಬೇಕು, ತೂಕ ನೋಡಬೇಕು, ಕುಡಿದ ನೀರು, ಹೋದ ಮೂತ್ರ ಅಳೆಯಬೇಕು. ಟ್ಯೂಬು ಓದುವುದು ಪುಟ್ಟಿ. ದಿನಕ್ಕೊಂದು ಹೊಸ ತೆಲುಗು ಪತ್ರಿಕೆ, ಅವಳು ಆಗಷ್ಟೇ ಶಾಲೆಯಲ್ಲಿ ಅಕ್ಷರ ಕೂಡಿಸಿ ಓದಲು ಕಲಿತಿದ್ದಳು. 'ಕೂಡಿಸಿ ಓದೋರಿಗೆ ಊಹಿಸೋದಕ್ಕೆ ಬರಲ್ಲ, ಅದೇ ನಮಗೆ ಬೇಕಾದ್ದು' ಎಂದರು. 'ಮತ್ತೆ ನಾನು?' ಎಂದು ಕೇಳಿದೆ. ನನಗೆ ತೆಲುಗು ಮಾತು ಬರುತ್ತದೆ, ಓದಲು ಬಾರದು, ಟ್ಯೂಬು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. 'ನೀವು ಪೇಪರ್ ಹಿಡ್ಕೊಳ್ಳಿ ಸರ್. ಮಾತಾಡಬೇಡಿ' ಎಂದರು.

ಹಾಗೆ ಹಿಡಿದುಕೊಂಡು ನಿಂತ ಹತ್ತು ದಿನಗಳಷ್ಟು ಹೆಮ್ಮೆಯ ದಿನಗಳು ನನ್ನ ಜೀವನದಲ್ಲಿ ಬೇರೆ ಇಲ್ಲ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರಮ್ಮ ಕೇಸ್‌ಷೀಟು ನೋಡುವ ಮುಂಚೆ ಮಂಚದ ಹತ್ತಿರ ನಿಂತು, 'ಏಮ್ಮಾ, ಇವತ್ತೆಷ್ಟು?' ಎಂದು ಪುಟ್ಟಿಯನ್ನೇ ಕೇಳುವರು. 'ತ್ರೀ ಪ್ಲಸ್ ಮೇಡಂ' ಎಂದು ಅವಳು ಒಂದಿಷ್ಟೂ ಅಳುಕದೆ ಹೇಳುವಳು. ನನಗೆ ಪ್ರಾಣ ಹೋದಂತಾಗುವುದು, ಅವಳಿಗೆ ಅದೊಂದು ಸಮಾಚಾರ ಅಷ್ಟೆ. ಸುಮಿತ್ರ, 'ಮೇಡಂ, ನಿನ್ನೆಗಿಂತ ಹೊಟ್ಟೆ ಒಂದು ಸೆಂಟಿಮೀಟರ್ ತಗ್ಗಿದೆ, ಸಂಜೆ ಕೊಟ್ಟ ಬಿಸ್ಕತ್ತಲ್ಲಿ ಉಪ್ಪಿತ್ತು, ಅದನ್ನ ನಿಲ್ಲಿಸಲಾ?' ಎಂದು ತನ್ನ ಹರಕು ತೆಲುಗಿನಲ್ಲಿ ಕೇಳಿದಾಗ ಡಾಕ್ಟರಮ್ಮ ತಮ್ಮ ಜೊತೆಗಿದ್ದ ಕಿರಿಯ ಡಾಕ್ಟರುಗಳಿಗೆ, 'ಬರ್ಕೊಳ್ಳಿ' ಎಂದರು. ನನ್ನ ಹೆಂಡತಿ ಹೇಳಿದ್ದನ್ನು ಮೂರು ಜನ ಎಂಬಿಬಿಎಸ್‌ಗಳು ಬರೆದುಕೊಂಡರು! ಹನ್ನೊಂದು ವರ್ಷದ ಸಂಸಾರದಲ್ಲಿ ನಾನು ಅವಳ ಒಂದು ಮಾತನ್ನೂ ಬರೆದಿಟ್ಟುಕೊಂಡವನಲ್ಲ. ಅಕ್ಕಪಕ್ಕದ ಮಂಚದ ತಾಯಂದಿರು ತಮ್ಮ ಟ್ಯೂಬುಗಳನ್ನು ಪುಟ್ಟಿಗೆ ತಂದು ತೋರಿಸತೊಡಗಿದರು. ಅವಳದೇ ಟ್ಯೂಬು ದಿನದಿಂದ ದಿನಕ್ಕೆ ಮೂರು, ಮೂರು, ಎರಡು, ಮತ್ತೆ ಎರಡು, ಒಂದು ಎಂದು ಇಳಿಯಿತು. ಹತ್ತನೆಯ ದಿನ ಅವಳು ಟ್ಯೂಬಿಗೆ ಕಣ್ಣಿಟ್ಟು ಒಂದೊಂದೇ ಅಕ್ಷರ ಕೂಡಿಸಿ, ವಿಜಯವಾಡದಲ್ಲಿ ಬಿಸಿಲು ಹೆಚ್ಚಾಗಿರುವ ಸುದ್ದಿಯನ್ನು ತಲೆಬರಹದಿಂದ ಹಿಡಿದು ನಾಲ್ಕು ಸಾಲು ಓದಿ ಮುಗಿಸಿದಳು. 'ನಿಲ್' ಎಂದಳು. ಬಿಸಿಲಿನ ಸುದ್ದಿ ಕೇಳಿ ಅತ್ತ ಮನುಷ್ಯ ಆ ವಾರ್ಡಿನಲ್ಲಿ ನಾನೊಬ್ಬನೇ.

ಎರಡು ವರ್ಷದ ಮೇಲೆ ನನಗೆ ಅದೇ ಬಿಸಿಲಿನ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿನ ಮಕ್ಕಳ ಡಾಕ್ಟರನ್ನು ಕಾಣಲು ಹೋದಾಗ, ಮೊದಲಿನಿಂದ ಏನೇನಾಯಿತು ಎಂದು ಅವರು ಕೇಳಿದರು. ನಾನು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಂಬತ್ತು ವರ್ಷದ ಪುಟ್ಟಿ ಶುರು ಮಾಡಿಯಾಗಿತ್ತು. ಮಾತ್ರೆ ಎಷ್ಟು, ಯಾವಾಗ ಕಡಿಮೆಯಾಯಿತು, ಕೊನೆಯ ಪ್ಲಸ್ ಯಾವತ್ತು, ಎಲ್ಲ. ಸುಮಿತ್ರ ಅಲ್ಲಲ್ಲಿ ತಿದ್ದುತ್ತಿದ್ದಳು. ಕೋಣೆ ಚಿಕ್ಕದು, ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ.

ಪಕ್ಕದಲ್ಲಿ ಮಂಗಳಗಿರಿಯ ಒಬ್ಬ ನೇಕಾರ, ಚಿಕ್ಕ ವಯಸ್ಸು, ಮಡಿಲಲ್ಲಿ ಕಣ್ಣು ಊದಿದ ಮೂರು ವರ್ಷದ ಗಂಡುಮಗು. ಅವನ ಕೈಯಲ್ಲೂ ಒಂದು ಹೊಸ ಟ್ಯೂಬು, ಒಂದು ಸೀಸೆ. ನಮ್ಮದೂ ಅದೇ ಕಾಯಿಲೆ ಎಂದು ತಿಳಿದಾಗ ಅವನಿಗೆ ಸ್ವಲ್ಪ ಧೈರ್ಯ ಬಂತು. 'ಮನೆಯಲ್ಲಿ ನಾನೇ ನೋಡ್ತೀನಿ ಸರ್' ಎಂದ. 'ಮಗ್ಗದಲ್ಲಿ ಒಂದೆಳೆ ತಪ್ಪಿದರೂ ನನ್ನ ಕಣ್ಣಿಗೆ ಬೀಳತ್ತೆ.'

'ಅದು ಕಣ್ಣಿನ ಕೆಲಸ ಅಲ್ಲ ತಮ್ಮುಡೂ' ಎಂದೆ. 'ಮನೇಲಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಹೆದರಿಕೆಯೋ, ಅವರ ಕೈಗೆ ಮಾತ್ರ ಇದನ್ನ ಕೊಡಬೇಡ.'

ಅವನು ತನ್ನ ಟ್ಯೂಬನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. ಆಮೇಲೆ, 'ನಿಮ್ಮ ಮನೇಲಿ ಯಾರಿಗೆ ಸರ್ ಅಷ್ಟು ಹೆದರಿಕೆ?' ಎಂದು ಕೇಳಿದ.

ಹೆಂಗಸರು ಹಾಗೇ ಅಲ್ಲವೇನಪ್ಪಾ, ನನ್ನ ಹೆಂಡತಿಗೆ, ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಾಗಿಲು ತೆರೆದು ಹೊರಬಂದ ಪುಟ್ಟಿ, ಬೆಂಚಿನ ಮೇಲಿದ್ದವರೆಲ್ಲರಿಗೂ ಕೇಳುವ ಹಾಗೆ, 'ಮಾ ನಾನ್ನಕೇನಂಡಿ!' ಎಂದಳು. ನಮ್ಮಪ್ಪನಿಗೇ ಕಣ್ರೀ, ಎಂದು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಪುಕ್ಕಲ ಎಂದು ಹೆತ್ತ ಮಗಳಿಂದಲೇ ಸಾರ್ವಜನಿಕವಾಗಿ ಘೋಷಣೆಯಾದ ಮೇಲೂ, 'ನನ್ನ ಮಗಳು ಅವಳು' ಎಂದು ಎದೆಯುಬ್ಬಿಸಿಕೊಂಡು ಎದ್ದು ನಿಂತ ಬ್ಯಾಂಕ್ ಅಧಿಕಾರಿ ಇಡೀ ಆಂಧ್ರದಲ್ಲಿ ನಾನೊಬ್ಬನೇ ಇರಬೇಕು.