ಕರುವಿನ ಮುಂದೆ ಮೆಟ್ಟಿನ ಪಂಚಾಯಿತಿ

ವಾದ ಮಾಡುವವರ ಎದುರಿಗೆ ನನಗೆ ಬಾಯಿ ಬರುವುದಿಲ್ಲ. ಅವರು ಹೇಳುತ್ತಿರುವುದು ಎಲ್ಲೋ ಸರಿಯಿಲ್ಲ ಎಂದು ಹೊಟ್ಟೆಯೊಳಗೆ ಗೊತ್ತಾಗುತ್ತದೆ. ಎಲ್ಲಿ ಸರಿಯಿಲ್ಲ ಎಂಬುದು ಮಾತ್ರ ಅವರು ಎದ್ದುಹೋದ ಮೇಲೆ, ಪಾತ್ರೆ ತಿಕ್ಕುವಾಗ ಹೊಳೆಯುತ್ತದೆ. ಹಾಗೆ ಹೊಳೆದ ಒಳ್ಳೊಳ್ಳೆಯ ಉತ್ತರಗಳನ್ನೆಲ್ಲ ತಪ್ಪಲೆ ಚೆಂಬುಗಳಿಗೇ ಹೇಳಿ ಮುಗಿಸಿದ್ದೇನೆ. ಅವು ಒಂದು ಸಲವೂ ಎದುರು ಮಾತಾಡಿಲ್ಲ. ಮೊಮ್ಮಕ್ಕಳೇ, ನೀವು ಕಾಲೇಜಿನವರು, ಊಟಕ್ಕೆ ಕುಳಿತಾಗಲೂ ವಾದ ಮಾಡುತ್ತೀರಿ, ಸೋತವರೇ ಹೆಚ್ಚು ಜೋರಾಗಿ ಮಾತಾಡುತ್ತೀರಿ. ಅಡ್ಡದಾರಿ ಹಿಡಿದ ವಾದಗಳಿಗೆಲ್ಲ ಒಂದೊಂದು ಹೆಸರಿದೆಯೆಂದು ಮೊನ್ನೆ ನೀವೇ ಹೇಳಿದಿರಿ. ಊರ ಶಾಲೆಯಲ್ಲಿ ಮೂರನೆಯ ಕ್ಲಾಸಿಗೆ ಓದು ಬಿಟ್ಟ ನನಗೆ ಆ ಹೆಸರುಗಳು ಗೊತ್ತಿಲ್ಲ. ಆದರೆ ಅವೆಲ್ಲ ನಮ್ಮ ಮನೆಯ ಜಗುಲಿಯ ಮೇಲೆಯೇ ಉಂಡು ಬೆಳೆದಂಥವು. ಮುಖ ನೋಡಿದರೆ ಗುರುತು ಹಿಡಿಯುತ್ತೇನೆ.

ಜಗುಲಿ ನನ್ನ ಮಾವನವರದು. ಹನಕೆರೆ ಸ್ಟೇಷನ್ನಿಗೆ ಹತ್ತಿರದ ಆ ಸಣ್ಣ ಹಳ್ಳಿಯಲ್ಲಿ ಯಾರ ಮನೆಯಲ್ಲಿ ಜಗಳವಾದರೂ ತೀರ್ಮಾನಕ್ಕೆ ಅವರನ್ನೇ ಕರೆಯುತ್ತಿದ್ದರು. ಮನುಷ್ಯ ಬಹಳ ಒಳ್ಳೆಯವರು. ಆದರೆ ಯಾವುದೇ ಹೊಸ ವಿಷಯ ಬರಲಿ, ಅದರ ಮೊಮ್ಮಕ್ಕಳವರೆಗೂ ನೋಡಿಬಿಡುತ್ತಿದ್ದರು. ನನ್ನ ಮೈದುನ ಒಮ್ಮೆ ಮದ್ದೂರಿಗೆ ಹೋಗಿ ಜುಟ್ಟು ತೆಗೆಸಿ ಕ್ರಾಪು ಬಿಡಿಸಿಕೊಂಡು ಬರುತ್ತೇನೆ ಎಂದಿದ್ದ. ಮಾವನವರ ಲೆಕ್ಕ ಶುರುವಾಯಿತು: ಕ್ರಾಪು ಬಂದರೆ ಬಾಚಣಿಗೆ ಬರುತ್ತದೆ, ಬಾಚಣಿಗೆಯ ಹಿಂದೆ ಕನ್ನಡಿ, ಕನ್ನಡಿ ನೋಡಿಕೊಂಡವನು ನಾಟಕದ ಕಂಪನಿ ಸೇರುತ್ತಾನೆ, ಆಮೇಲೆ ಉಳುವವರಿಲ್ಲದೆ ಹೊಲ ಬೀಳು ಬೀಳುತ್ತದೆ. ಎಲ್ಲಿಂದ ಹೊರಟರೂ ಅವರ ಮಾತು ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ: ಮುದಿ ವಯಸ್ಸಿನಲ್ಲಿ ಅವರು ಉಪವಾಸ ಸಾಯಬೇಕಾಗುತ್ತದೆ. ಮೈದುನ ಕ್ರಾಪು ಬಿಡಿಸಿಕೊಂಡೇ ಬಂದ. ಬಹಳ ದಿನ ತಲೆಗೆ ಟವೆಲು ಸುತ್ತಿಕೊಂಡು ಉಳುತ್ತಿದ್ದ.

ಈ ಮೈದುನನ ಹೆಂಡತಿಯೇ ಚಿಕ್ಕತಾಯಿ, ನನ್ನ ಓರಗಿತ್ತಿ. ಎಳೆಯ ಹುಡುಗಿ. ತೌರಿನಲ್ಲಿ ಅಪ್ಪ ಅಮ್ಮ ಇರಲಿಲ್ಲ. ಮಳವಳ್ಳಿ ಕಡೆ ಅಣ್ಣನೊಬ್ಬನಿದ್ದ, ಅತ್ತಿಗೆ ಮುಖ ಕೊಟ್ಟು ಮಾತಾಡುವವಳಲ್ಲ. ಆಗ ನಾಲೆಯ ನೀರು ಬಂದು ನಮ್ಮ ರಾಗಿ ಹೊಲವೆಲ್ಲ ಕಬ್ಬಿನ ಗದ್ದೆಯಾಗಿತ್ತು. ಕಬ್ಬು ಕಡಿದ ಮೇಲೆ ಉಳಿಯುವ ಕೂಳೆ ಇದೆಯಲ್ಲ, ಅದು ಮೊಳೆಯ ಹಾಗೆ ಚುಚ್ಚುತ್ತದೆ. ಚಿಕ್ಕತಾಯಿಗೆ ಚುಚ್ಚಿತು, ಮಾಯಿತು, ಅದೇ ಜಾಗಕ್ಕೆ ಮತ್ತೆ ಚುಚ್ಚಿತು. ಮಾವನವರೇ ಅರಿಸಿನ ಅರೆಸಿ, ಬೇವಿನೆಣ್ಣೆಯಲ್ಲಿ ಕಲಸಿ ಕೊಟ್ಟರು. ಕಾಲು ಗಿಣ್ಣಿನವರೆಗೆ ಊದಿಕೊಂಡಾಗ ರೈಲಿನಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಕಟ್ಟು ಕಟ್ಟಿ, ಇನ್ನು ಬರಿಗಾಲಲ್ಲಿ ಗದ್ದೆಗೆ ಇಳಿಯಕೂಡದು, ಇನ್ನೊಂದು ಸಲ ಹೀಗಾದರೆ ಪಾದ ಉಳಿಯುವುದು ಕಷ್ಟ ಎಂದರು. ಮೆಟ್ಟು ಹೊಲಿಸಿ ಕೊಡಿ ಎಂದರು.

ನಮ್ಮ ಕಡೆ ಆಗ ಹೆಂಗಸರು ಮೆಟ್ಟು ಹಾಕುತ್ತಿರಲಿಲ್ಲ. ಮನೆಯ ಹಿರಿಯರ ಮುಂದೆ ಸೊಸೆ ಮೆಟ್ಟು ಮೆಟ್ಟಿಕೊಂಡು ಓಡಾಡುವುದೆಂದರೆ ಅವರ ತಲೆಯ ಮೇಲೆ ಓಡಾಡಿದ ಹಾಗೆ. ಸಂಜೆ ಜಗುಲಿಯ ಮೇಲೆ ಪಂಚಾಯಿತಿ ಸೇರಿತು. ನಾವಿಬ್ಬರೂ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆವು.

"ಇವತ್ತು ಗದ್ದೆಗೆ ಅಂತ ಮೆಟ್ಟು ಆಕ್ಕತಾಳೆ," ಎಂದು ಮಾವನವರು ಶುರು ಮಾಡಿದರು. "ನಾಳೆ ಬೀದಿಗೆ ಆಕ್ಕತಾಳೆ. ಬೀದಿಗೆ ಆಕ್ಕಂಡೋಳು ಮದ್ದೂರ್ ಸಂತೆಗೆ ಓಗಾಕಿಲ್ವಾ? ಸಂತೆಗ್ ಓದೋಳು ಓಟ್ಲಿಗ್ ಓಗಿ ಕಾಪಿ ಕುಡಿಯಾಕಿಲ್ವಾ? ಕಾಪಿ ರುಚಿ ಅತ್ತಿದೋಳು ಮನೇಲಿ ಮುದ್ದೆ ತಿರುವ್ತಾಳಾ? ಕಡೀಕೆ ನಾನು ಉಪಾಸ ಸಾಯ್ಬೇಕು."

ಪಕ್ಕದ ಮನೆಯ ಸಿಂಗಣ್ಣ, ಆ ಡಾಕ್ಟರಿಗೆ ಇನ್ನೂ ಮೀಸೆಯೇ ಸರಿಯಾಗಿ ಬಂದಿಲ್ಲ, ಅವನ ಮಾತನ್ನು ಏನು ಕೇಳುವುದು ಎಂದ. ಮೀಸೆಗೂ ಹುಣ್ಣಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಹೆಂಗಸು ಅಂದಮೇಲೆ ಒಂದೋ ಬರಿಗಾಲಲ್ಲಿರಬೇಕು, ಇಲ್ಲವೇ ದೊರೆಸಾನಿಯಾಗಬೇಕು, ನಡುವೆ ಬೇರೆ ಏನಿದೆ ಎಂದೂ ಕೇಳಿದ. ನಮ್ಮ ಅತ್ತೆ, ತಮ್ಮ ತಾಯಿ, ತಾಯಿಯ ತಾಯಿ ಎಲ್ಲ ಬರಿಗಾಲಲ್ಲೇ ಇದ್ದರು, ಸತ್ತುಹೋದರೇನು ಎಂದರು. ಅವರೆಲ್ಲ ಸತ್ತುಹೋಗಿದ್ದರು, ಪಾಪ. ಆದರೆ ಬೇರೆ ಬೇರೆ ಕಾಯಿಲೆಯಿಂದ. ಅವರ ಕಾಲದಲ್ಲಿ ಕಬ್ಬಿರಲಿಲ್ಲ, ಕೂಳೆಯೂ ಇರಲಿಲ್ಲ. ಕಬ್ಬು ಹಾಕಿದವರು ಮಾವನವರೇ. ನಿಮ್ಮ ತಾತ ಆ ಹೊತ್ತಿನಲ್ಲಿ ಕುಡುಗೋಲನ್ನು ಬಹಳ ಶ್ರದ್ಧೆಯಿಂದ ಮಸೆಯುತ್ತಿದ್ದರು. ಜೀವಮಾನವೆಲ್ಲ ಕಷ್ಟದ ಮಾತು ಬಂದಾಗ ಅವರಿಗೆ ಮಸೆಯುವುದಕ್ಕೆ ಏನಾದರೊಂದು ಸಿಕ್ಕುತ್ತಿತ್ತು. ಈಗ ಅವರಿಲ್ಲ; ಮನೆಯಲ್ಲಿ ಒಂದು ಕತ್ತಿಯೂ ಹರಿತವಾಗಿಲ್ಲ.

ಕೊನೆಗೆ ತೀರ್ಮಾನವಾದದ್ದು, ಕಾಲು ಪೂರ್ತಿ ವಾಸಿಯಾಗುವವರೆಗೆ ಚಿಕ್ಕತಾಯಿ ತೌರಿನಲ್ಲಿರಲಿ ಎಂದು. ಅವಳು ನನ್ನ ಸೆರಗು ಹಿಡಿದುಕೊಂಡು, "ಅಕ್ಕ, ಅಲ್ಲಿಗ್ ಓದ್ರೆ ಯಾರೂ ಕರ್ಕೊಂಡ್ ಬರಾಕಿಲ್ಲ" ಎಂದು ಪಿಸುಗುಟ್ಟಿದಳು. ಅಳಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

ಆ ರಾತ್ರಿ ಪಾತ್ರೆ ತಿಕ್ಕುವಾಗ ನನಗೆ ಹೊಳೆಯಿತು. ನಾವು ದಿನಾ ಕೆರೆಗೆ ಇಳಿಯುತ್ತೇವೆ. ಮಂಡಿಯುದ್ದ ನೀರು ಬಂದಾಗ ನಿಲ್ಲುತ್ತೇವೆ, ಕೊಡ ತುಂಬಿಕೊಂಡು ಹತ್ತಿ ಬರುತ್ತೇವೆ. ಇಳಿದವರೆಲ್ಲ ಮುಳುಗಲೇಬೇಕು ಎನ್ನುವುದಾದರೆ ಊರಿನಲ್ಲಿ ಒಬ್ಬರಿಗೂ ಕುಡಿಯಲು ನೀರಿರುತ್ತಿರಲಿಲ್ಲ. ಆದರೆ ಇದನ್ನು ಮಾವನವರಿಗೆ ಹೇಳುವುದು ಹೇಗೆ? ಸೊಸೆಯಂದಿರು ಮಾವನ ಜೊತೆ ನೇರವಾಗಿ ಮಾತಾಡುವ ಹಾಗಿರಲಿಲ್ಲ. ಹೇಳಲೇಬೇಕಾದದ್ದನ್ನು ಅವರಿಗೆ ಕೇಳಿಸುವ ಹಾಗೆ ಮಗುವಿಗೆ ಹೇಳಬೇಕು. ಮನೆಯಲ್ಲಿ ಆಗಿನ್ನೂ ಮಗುವಿರಲಿಲ್ಲವಾದ್ದರಿಂದ ಆ ಕೆಲಸ ಕೆಂಪಿ ಎಂಬ ಕರುವಿನ ಪಾಲಿಗೆ ಬಂದಿತ್ತು. ಸ್ನಾನಕ್ಕೆ ನೀರು ಕಾದಿದೆ, ಊಟಕ್ಕೆ ಆಗಿದೆ, ಎಲ್ಲ ಕೆಂಪಿಗೇ ಹೇಳುತ್ತಿದ್ದೆವು.

ಬೆಳಿಗ್ಗೆ ಮಾವನವರು ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದಾಗ ನಾನು ಕರುವಿನ ಹತ್ತಿರ ಕುಳಿತೆ. ಕೆರೆಯ ಮಾತು ಮರೆತೇ ಹೋಯಿತು. ಕಣ್ಣಿಗೆ ಬಿದ್ದದ್ದು ಗಾಡಿಯ ಎತ್ತಿನ ಕಾಲು.

"ಕೆಂಪಿ, ಆ ಎತ್ತಣ್ಣನ ಕಾಲು ನೋಡವ್ವ," ಎಂದೆ. "ಲಾಳ ಕಟ್ಸಿ ಎಸ್ಟು ದಿನಾಯ್ತು. ಇನ್ನೂ ಕೊಟ್ಗೇಲೇ ಅವ್ನೆ. ಒಂದಿನಾನಾದ್ರೂ ಮದ್ದೂರ್ ಓಟ್ಲಿಗ್ ಓಗಿ ಕಾಪಿ ಕುಡ್ದು ಬಂದವ್ನಾ?"

ಹುಲ್ಲಿನ ಸದ್ದು ನಿಂತಿತು. ಮಾವನವರೂ ಕರುವಿನ ಕಡೆಗೇ ತಿರುಗಿದರು. "ಕೆಂಪಿ, ಮನುಸ್ರಿಗೂ ಎತ್ತಿಗೂ ವ್ಯತ್ಯಾಸ ಅದೆ ಅಂತ ಯೋಳು."

"ಅದೆ ಕಣವ್ವ ಕೆಂಪಿ. ಎತ್ತು ಕುಂಟುದ್ರೆ ಲಾಳ ಕಟ್ಟುಸ್ತಾರೆ. ಸೊಸೆ ಕುಂಟುದ್ರೆ ತೌರಿಗೆ ಅಟ್ತಾರೆ."

ಇಷ್ಟು ಹೇಳಿ, ಒಳಗೆ ಓಡಿಹೋಗಿ ರಾಗಿ ತುಂಬುವ ಮಣ್ಣಿನ ವಾಡೆಯ ಹಿಂದೆ ಕುಳಿತುಬಿಟ್ಟೆ. ಮಧ್ಯಾಹ್ನ ಅತ್ತೆಯೇ ಮುದ್ದೆ ಬಡಿಸಿದರು. ಮಾವನವರು ತೌರಿಗೆ ಗಾಡಿ ಕಟ್ಟು ಎಂದು ಹೇಳಲಿಲ್ಲವಂತೆ.

ಮರುದಿನ ಕಿಟಕಿಯಿಂದ ನೋಡಿದರೆ, ಅವರು ಕೊಟ್ಟಿಗೆಯ ಬಾಗಿಲಲ್ಲಿ ಬಗ್ಗಿದ್ದಾರೆ. ಹೊಸದಾಗಿ ಸಗಣಿ ಸಾರಿಸಿದ ನೆಲದ ಮೇಲೆ ಪಾದದ ಗುರುತೊಂದಿತ್ತು. ಅದರ ಉದ್ದಕ್ಕೆ ಪೊರಕೆ ಕಡ್ಡಿ ಹಿಡಿದು ಮುರಿದು, ರುಮಾಲಿಗೆ ಸಿಕ್ಕಿಸಿಕೊಂಡರು. ಕಾಲು ಮುಂದಕ್ಕೆ ಚಾಚು ಎಂದು ಸೊಸೆಗೆ ಹೇಳುವುದು ಹೇಗೆ, ಅದಕ್ಕೆ ಹೀಗೆ. ಸಂತೆಯ ದಿನ ಮದ್ದೂರಿನಿಂದ ಬಂದು ಒಂದು ಪೊಟ್ಟಣವನ್ನು ಜಗುಲಿಯ ತುದಿಗಿಟ್ಟು, ಚಿಕ್ಕ ಸೊಸೆಯದು ಎಂದು ಕೆಂಪಿಗೆ ತಿಳಿಸಿದರು.

ಚಿಕ್ಕತಾಯಿ ಹಾಕಿಕೊಂಡಳು. ಅವಳ ಪಾದ ಅದರೊಳಗೆ ಕೊಳಗದೊಳಗಿನ ಹಿಡಿ ರಾಗಿಯ ಹಾಗೆ ಕಂಡಿತು. ಅವರು ಕಡ್ಡಿ ಮುರಿದ ದಿನ ಕೊಟ್ಟಿಗೆ ಸಾರಿಸಿದವಳು ನಾನು. ಕುಂಟುವ ಹುಡುಗಿ ಸಗಣಿ ಸಾರಿಸುತ್ತಾಳೆಯೇ? ಗಂಡಸರಿಗೆ ಅದು ಹೊಳೆಯಲಿಲ್ಲ. ಎಲ್ಲರೂ ನನ್ನ ಕಾಲಿನ ಕಡೆ ನೋಡಿದರು. ನನ್ನ ಪಾದ ಆಗಲೂ ದೊಡ್ಡದು. ಸೀರೆಯೊಳಗೆ ಎಳೆದುಕೊಂಡೆ, ಹೆಬ್ಬೆರಳು ಹೊರಗೇ ಉಳಿಯಿತು. ಮಾವನವರು ನಿಟ್ಟುಸಿರು ಬಿಟ್ಟು, "ನಾ ಯೋಳ್ನಿಲ್ವಾ ಕೆಂಪಿ, ಒಂದ್ ಜೊತೆ ಬಂದ್ರೆ ಎರಡಾಯ್ತದೆ ಅಂತ," ಎಂದರು. ಹಾಗೆಂದು ಅವರು ಹೇಳಿರಲಿಲ್ಲ. ಯಾರೂ ನೆನಪಿಸಲೂ ಇಲ್ಲ. ಆ ಜೊತೆ ನನಗಾಯಿತು; ಮುಂದಿನ ಸಂತೆಗೆ ಚಿಕ್ಕತಾಯಿ ತನ್ನ ಕಾಲಿನ ಅಳತೆಗೆ ತಾನೇ ಕಡ್ಡಿ ಮುರಿದು ಕೊಟ್ಟಳು.

ಅವಳ ಕಾಲು ಮಾಯಿತು. ಮೆಟ್ಟು ಹಾಕಿಕೊಂಡು ಸಿಂಗಣ್ಣನ ಮನೆಯ ಮುಂದೆ ಟಪಟಪ ಎಂದು ಹೋಗುತ್ತಿದ್ದಳು. ಮಾವನವರು ಮೊದಮೊದಲು ಮುಖ ತಿರುಗಿಸಿಕೊಳ್ಳುತ್ತಿದ್ದರು, ಆಮೇಲೆ ಸದ್ದು ಕೇಳಿಯೇ ಗದ್ದೆಗೆ ಹೊತ್ತಾಯಿತು ಎಂದು ಏಳುತ್ತಿದ್ದರು. ವಾದ ಗೆದ್ದ ನಾನು? ಕರುವಿನ ಮುಂದೆ ಬಾಯಿ ಬಂದಷ್ಟು ಸುಲಭವಾಗಿ ಊರಿನ ಮುಂದೆ ಕಾಲು ಬರಲಿಲ್ಲ. ನನ್ನ ಜೊತೆಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ಗದ್ದೆಗೆ ಹೋಗಿ, ಹಾಗೇ ವಾಪಸು ತರುತ್ತಿದ್ದೆ. ಒಂದು ದಿನ ಮಾವನವರು ಜಗುಲಿಯಿಂದಲೇ ಕರೆದರು, ಕೆಂಪಿಯನ್ನಲ್ಲ, ನನ್ನನ್ನೇ.

"ದೊಡ್ಡವ್ವ, ಮೆಟ್ಟು ಇರಾದು ಕಂಕುಳಿಗಲ್ಲ ಕಣವ್ವ, ಕಾಲಿಗೆ."

ಆ ದಿನ ಹಾಕಿಕೊಂಡೆ. ಬೀದಿಯ ತಿರುವು ದಾಟಿ ಅವರ ಕಣ್ಣಿಗೆ ಮರೆಯಾಗುವವರೆಗೆ.